ವಾಲ್ವಿಗೆ ಬಲೂನ್ ಆಗಿದೆ, ಗಂಡನದು ಬ್ಯಾಟರಿ ಅಂಗಡಿ: ಮಗು ಮಾಡಿಕೊಳ್ಳಬಹುದಾ?

ಪ್ರಶ್ನೆ: ನನಗೆ 26 ವರ್ಷ. ಹತ್ತು ವರ್ಷದವಳಿದ್ದಾಗ ಮಂಡಿ, ಮೊಣಕೈ ಎಲ್ಲ ಊದಿಕೊಂಡು ಜ್ವರ ಬಂದಿತ್ತು. ಆಮೇಲೆ ಹೃದಯದ ವಾಲ್ವ್ ಕಿರಿದಾಗಿದೆ ಅಂದರು. 19ನೇ ವಯಸ್ಸಿನಲ್ಲಿ ಬಲೂನ್ ಹಾಕಿ ಅಗಲ ಮಾಡಿದರು. ಈಗ ಆರಾಮಾಗಿದ್ದೇನೆ. ದಿನಾ ಮೆಟೊಪ್ರೊಲಾಲ್ ಮಾತ್ರೆ, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಕೊನೆಯ ಎಕೋ (ಹೃದಯದ ಸ್ಕ್ಯಾನ್) ಆಗಿ ನಾಲ್ಕು ವರ್ಷವಾಯಿತು. ಹೋದ ವರ್ಷ ಎಂಟನೇ ವಾರದಲ್ಲಿ ಗರ್ಭ ಇಳಿದುಹೋಯಿತು. ನನ್ನ ಹೃದಯದಿಂದಲೇ ಹೀಗಾಯಿತು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅತ್ತೆ ಮಕ್ಕಳಾಗುವ ಔಷಧಿ ತರಿಸಿದ್ದಾರೆ, ಅದನ್ನು ತಗೊಳ್ಳುವಾಗ ಇಂಗ್ಲಿಷ್ ಮಾತ್ರೆ ಬಿಡಬೇಕಂತೆ. ಗಂಡನಿಗೆ 34 ವರ್ಷ, ಮನೆ ಹಿಂದೆಯೇ ಬ್ಯಾಟರಿ ರಿಪೇರಿ ಅಂಗಡಿ. ಅವರಿಗೂ ಈಚೆಗೆ ಬಿಪಿ ಶುರುವಾಗಿದೆ. ಅವರ ಬಟ್ಟೆ ಒಗೆಯುವಾಗ ನನ್ನ ಕೈ ಉರಿಯುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ. ನಾನು ಮಗು ಮಾಡಿಕೊಳ್ಳಬಹುದಾ? ಮಗುವಿಗೂ ಹೃದಯದ ಕಾಯಿಲೆ ಬರುತ್ತಾ?

ಉತ್ತರ: ನಿಮ್ಮಂತೆ ಬಲೂನ್ ಮಾಡಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ಚೆನ್ನಾಗಿ ಹೆತ್ತಿದ್ದಾರೆ. ನಿಮಗೂ ಆಗುವ ಸಾಧ್ಯತೆ ಇದೆ. ಆದರೆ ಈ ತಿಂಗಳು ಬೇಡ, ಮುಂದಿನ ತಿಂಗಳೂ ಬೇಡ. ಮೊದಲು ನಿಮಗೊಂದು ಎಕೋ ಆಗಬೇಕು, ಆಮೇಲೆ ನಿಮ್ಮಿಬ್ಬರ ರಕ್ತದಲ್ಲಿ ಸೀಸ, ಅಂದರೆ ಬ್ಯಾಟರಿಯಲ್ಲಿರುವ ಲೆಡ್, ಎಷ್ಟಿದೆ ಅಂತ ನೋಡಬೇಕು. ಸಂಬಂಧ ಇರಲಿಕ್ಕಿಲ್ಲ ಅಂತ ನೀವು ಬರೆದ ಆ ಸಾಲು ಇದೆಯಲ್ಲ, ಅದನ್ನು ಓದಿ ನಾನು ನಿಮ್ಮ ಪತ್ರವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಕೈ ಉರಿಯುವುದು ಬ್ಯಾಟರಿ ಆಸಿಡ್ಡಿನಿಂದ. ಆ ಬಟ್ಟೆಯಲ್ಲಿ ಆಸಿಡ್ ಇದೆ ಅಂದರೆ ಸೀಸದ ಪುಡಿಯೂ ಇದೆ. ಉರಿ ನಿಮಗೆ ಗೊತ್ತಾಗುತ್ತದೆ, ಸೀಸ ಗೊತ್ತಾಗುವುದಿಲ್ಲ.

ಮೊದಲು ನಿಮ್ಮ ಮೇಲಿರುವ ಆ ತಪ್ಪಿನ ಹೊರೆಯನ್ನು ಇಳಿಸಿಬಿಡುತ್ತೇನೆ. ಗೊತ್ತಾದ ನೂರು ಬಸಿರುಗಳಲ್ಲಿ ಹತ್ತರಿಂದ ಹದಿನೈದು ಮೊದಲ ಮೂರು ತಿಂಗಳಲ್ಲೇ ಇಳಿದುಹೋಗುತ್ತವೆ. ಹೃದಯ ಗಟ್ಟಿಮುಟ್ಟಾಗಿ ಇರುವವರಲ್ಲೂ ಇದೇ ಲೆಕ್ಕ. ಅದರಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಭ್ರೂಣದ ಕ್ರೋಮೋಸೋಮುಗಳಲ್ಲಿ ಆದ ಏರುಪೇರು, ಯಾರ ತಪ್ಪೂ ಅಲ್ಲ. ಮೈ ನೀಲಿಯಾಗುವಂಥ ಹುಟ್ಟು ಹೃದ್ರೋಗ ಇದ್ದವರಲ್ಲಿ ಗರ್ಭ ನಿಲ್ಲುವುದು ಕಷ್ಟ, ನಿಜ. ನಿಮ್ಮದು ಆ ಜಾತಿಯ ಕಾಯಿಲೆ ಅಲ್ಲ. ಆರಾಮಾಗಿ ಓಡಾಡಿಕೊಂಡಿರುವವರಿಗೆ ಎಂಟನೇ ವಾರಕ್ಕೆಲ್ಲ ವಾಲ್ವಿನಿಂದಾಗಿ ಗರ್ಭ ಇಳಿಯಿತು ಅನ್ನುವುದಕ್ಕೆ ಆಧಾರ ಇಲ್ಲ. ಇದನ್ನು ಮನೆಯವರಿಗೆ ಓದಿ ಹೇಳಿ. ವೈದ್ಯರು ಹೀಗೆ ಬರೆದಿದ್ದಾರೆ ಅಂತಲೇ ಹೇಳಿ.

ಹಾಗಾದರೆ ವಾಲ್ವಿನಿಂದ ಅಪಾಯ ಯಾವಾಗ? ಜಾತ್ರೆ ದಿನದ ಬಸ್ಸನ್ನು ನೆನಪು ಮಾಡಿಕೊಳ್ಳಿ. ಬಾಗಿಲು ಅರ್ಧವೇ ತೆರೆಯುತ್ತದೆ ಅಂದುಕೊಳ್ಳಿ. ಮಾಮೂಲಿ ದಿನ ಹೇಗೋ ಜನ ಹತ್ತಿಬಿಡುತ್ತಾರೆ. ಜಾತ್ರೆ ದಿನ ಜನ ಒಂದೂವರೆ ಪಟ್ಟು, ಅದರ ಮೇಲೆ ಡ್ರೈವರ್ ಅವಸರದಲ್ಲಿ ಪ್ರತಿ ಸ್ಟಾಪಿನಲ್ಲಿ ಕಡಿಮೆ ಹೊತ್ತು ನಿಲ್ಲಿಸುತ್ತಾನೆ. ಹತ್ತಲಾಗದವರು ಸ್ಟಾಪಿನಲ್ಲೇ ಗುಂಪಾಗುತ್ತಾರೆ. ಬಸುರಿಯ ಮೈಯಲ್ಲಿ ರಕ್ತ ಶೇಕಡಾ 40ರಿಂದ 50ರಷ್ಟು ಜಾಸ್ತಿಯಾಗುತ್ತದೆ, ಹೃದಯದ ಬಡಿತ ನಿಮಿಷಕ್ಕೆ ಹತ್ತಿಪ್ಪತ್ತು ಏರುತ್ತದೆ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವೆ ಇರುವ ನಿಮ್ಮ ಮೈಟ್ರಲ್ ವಾಲ್ವ್ ಆ ಅರ್ಧ ತೆರೆಯುವ ಬಾಗಿಲು. ಬಡಿತ ಹೆಚ್ಚಾದಷ್ಟೂ ಅದು ತೆರೆದಿರುವ ಹೊತ್ತು ಕಡಿಮೆ. ದಾಟಲಾಗದ ರಕ್ತ ಹಿಂದಕ್ಕೆ, ಅಂದರೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಆಗಲೇ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಎದ್ದು ಕೂತು ಕೆಮ್ಮುವುದು. ನಿಮ್ಮ ಮೆಟೊಪ್ರೊಲಾಲ್ ಮಾಡುವ ಕೆಲಸ ಆ ಡ್ರೈವರನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು, ಅಂದರೆ ಬಡಿತವನ್ನು ನಿಧಾನ ಮಾಡುವುದು. ಅದಕ್ಕೇ ಅದನ್ನು ಯಾರು ಹೇಳಿದರೂ ಬಿಡಬೇಡಿ.

ಈ ಹೊರೆ ಹೆಚ್ಚುಕಮ್ಮಿ 28ರಿಂದ 32ನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಇನ್ನೊಂದು ಗಂಡಾಂತರದ ಹೊತ್ತು ಹೆರಿಗೆಯಾದ ಮೇಲಿನ ಒಂದೆರಡು ದಿನ. ಗರ್ಭಕೋಶ ಕುಗ್ಗಿದ ಕೂಡಲೇ ಅಲ್ಲಿದ್ದ ರಕ್ತವೆಲ್ಲ ಒಮ್ಮೆಗೇ ಹೃದಯದ ಕಡೆ ನುಗ್ಗುತ್ತದೆ. ಮಗು ಹುಟ್ಟಿತು, ಎಲ್ಲ ಮುಗಿಯಿತು ಅಂತ ಮನೆಯವರು ಸಿಹಿ ಹಂಚುತ್ತಿರುವಾಗಲೇ ತಾಯಿಗೆ ಉಸಿರು ಕಟ್ಟುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಹೆರಿಗೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಬೇಡ. ಹೃದಯದ ವೈದ್ಯರು, ಅರಿವಳಿಕೆ ವೈದ್ಯರು, ಐಸಿಯು ಮೂರೂ ಇರುವ ಕಡೆ ಆಗಬೇಕು. ಸಿಸೇರಿಯನ್ನೇ ಆಗಬೇಕು ಅಂತೇನಿಲ್ಲ. ನೋವು ಕಡಿಮೆ ಮಾಡಲು ಬೆನ್ನಿಗೆ ಎಪಿಡ್ಯೂರಲ್ ಕೊಟ್ಟು, ಕೊನೆಯಲ್ಲಿ ತಾಯಿ ಜಾಸ್ತಿ ತಿಣುಕದ ಹಾಗೆ ಸಹಾಯ ಮಾಡಿ, ಮಾಮೂಲಿ ಹೆರಿಗೆ ಮಾಡಿಸುವುದೇ ಎಷ್ಟೋ ಸಲ ಒಳ್ಳೆಯದು.

ಈಗ ಎಕೋ. ನಾಲ್ಕು ವರ್ಷದ ಹಿಂದಿನದು ನಡೆಯುವುದಿಲ್ಲ. ಬಲೂನಿನಿಂದ ಅಗಲವಾದ ವಾಲ್ವ್ ವರ್ಷಗಳು ಕಳೆದ ಹಾಗೆ ಮತ್ತೆ ಕಿರಿದಾಗಬಹುದು, ಮತ್ತು ಅದು ನಿಧಾನವಾಗಿ ಆಗುವುದರಿಂದ ನೀವು ನಿಮಗೆ ಗೊತ್ತಿಲ್ಲದೇ ಕೆಲಸ ಕಡಿಮೆ ಮಾಡಿಕೊಂಡು, ಆರಾಮಾಗಿದ್ದೇನೆ ಅಂದುಕೊಂಡಿರುತ್ತೀರಿ. ರಿಪೋರ್ಟಿನಲ್ಲಿ ಮೂರು ನಂಬರ್ ಕೇಳಿ. ಒಂದು, ವಾಲ್ವಿನ ಅಗಲ. ಸರಿಯಾದ ವಾಲ್ವ್ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. 1.5ಕ್ಕಿಂತ ಮೇಲಿದ್ದರೆ ಹೆಚ್ಚಿನವರು ಮಾತ್ರೆ, ತಪಾಸಣೆ ಇಟ್ಟುಕೊಂಡು ಬಸಿರನ್ನು ದಾಟಿಸುತ್ತಾರೆ. 1ರಿಂದ 1.5ರ ನಡುವೆ ಇದ್ದರೆ ಬಸಿರಿಗೆ ಮೊದಲೇ ಮತ್ತೊಮ್ಮೆ ಬಲೂನ್ ಬೇಕಾ ಅಂತ ಯೋಚಿಸಬೇಕು. 1ಕ್ಕಿಂತ ಕಡಿಮೆ ಇದ್ದರೆ ಅದನ್ನು ಸರಿಮಾಡದೆ ಬಸುರಿಯಾಗಲೇಬಾರದು. ಎರಡು, ಶ್ವಾಸಕೋಶದ ರಕ್ತನಾಳದ ಒತ್ತಡ, ರಿಪೋರ್ಟಿನಲ್ಲಿ ಪಿಎ ಪ್ರೆಷರ್ ಅಂತ ಇರುತ್ತದೆ. ಮೂರು, ಹೃದಯ ಪಂಪ್ ಮಾಡುವ ಶಕ್ತಿ, ಇಎಫ್. ಇದು 30ಕ್ಕಿಂತ ಕಡಿಮೆ ಇದ್ದವರಿಗೂ, ಶ್ವಾಸಕೋಶದ ರಕ್ತನಾಳದಲ್ಲೇ ಕಾಯಿಲೆಯಾಗಿ ಒತ್ತಡ ತುಂಬ ಏರಿದವರಿಗೂ ಬಸಿರು ಬೇಡ ಅಂತಲೇ ನಾವು ಹೇಳುತ್ತೇವೆ. ಹಾಗೆ ಹೇಳುವಾಗ ನಮ್ಮ ಹೊಟ್ಟೆಯೂ ಉರಿಯುತ್ತದೆ, ಆದರೂ ಹೇಳುತ್ತೇವೆ. ಎಕೋ ಜೊತೆ ಒಂದು ಇಸಿಜಿ ಮಾಡಿಸಿ. ಬಡಿತದ ತಾಳ ತಪ್ಪಿದ್ದರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಬಹುದು.

ಮತ್ತೆ ಬಲೂನ್ ಬೇಕಾದರೆ ಹೆದರಬೇಡಿ. 1984ರಲ್ಲಿ ಜಪಾನಿನ ಕಾಂಜಿ ಇನೌಯೆ ಈ ವಿಧಾನದ ವರದಿ ಕೊಟ್ಟ ಮೇಲೆ ಎದೆ ತೆರೆಯದೆ, ತೊಡೆಯ ರಕ್ತನಾಳದಿಂದಲೇ ವಾಲ್ವ್ ಅಗಲ ಮಾಡುವುದು ಎಲ್ಲೆಡೆ ಬಂತು. ನಮ್ಮ ಜಯದೇವ ಆಸ್ಪತ್ರೆಯಲ್ಲಿ ಇದನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿದ್ದಾರೆ. ಬೆಂಗಳೂರಲ್ಲದೆ ಮೈಸೂರು, ಕಲಬುರಗಿಯಲ್ಲೂ ಅವರ ಆಸ್ಪತ್ರೆ ಇದೆ. ತೀರ ಅಗತ್ಯ ಬಿದ್ದರೆ ಬಸುರಿಯಲ್ಲೂ, 20 ವಾರ ದಾಟಿದ ಮೇಲೆ, ಹೊಟ್ಟೆಗೆ ಎಕ್ಸ್‌ರೇ ತಾಗದ ಹಾಗೆ ಮರೆಮಾಡಿ ಮಾಡುತ್ತಾರೆ. ಆದರೆ ಮೊದಲೇ ಮಾಡಿಸಿಕೊಳ್ಳುವುದಕ್ಕೂ ಆಗ ಓಡುವುದಕ್ಕೂ ತುಂಬ ವ್ಯತ್ಯಾಸ ಇದೆ, ಅಲ್ವಾ?

ಮಾತ್ರೆಗಳ ವಿಷಯ. ಪೆನಿಸಿಲಿನ್ ಇಂಜೆಕ್ಷನ್ ಬಸಿರಿನಲ್ಲೂ ಮುಂದುವರಿಸಬೇಕು, ಮಗುವಿಗೆ ಅದರಿಂದ ತೊಂದರೆ ಇಲ್ಲ. ಅದನ್ನು ತಪ್ಪಿಸಿದರೆ ಗಂಟಲು ನೋವಿನ ಹಿಂದೆಯೇ ಮತ್ತೆ ಆ ಕೀಲು ಜ್ವರ ಬಂದು ವಾಲ್ವ್ ಇನ್ನಷ್ಟು ಕೆಡಬಹುದು. ಮೆಟೊಪ್ರೊಲಾಲ್ ಸಹ ಬಸುರಿಯರಿಗೆ ಕೊಡುವ ಮಾತ್ರೆಯೇ. ಆದರೆ ಇದನ್ನು ಓದುತ್ತಿರುವ ಬೇರೆ ಹೃದ್ರೋಗಿಗಳಿಗೆ ಹೇಳಬೇಕಾದ್ದು ಇದೆ. ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಈ ಗುಂಪಿನ ಬಿಪಿ ಮಾತ್ರೆಗಳು ಮಗುವಿನ ಕಿಡ್ನಿಗೆ ಹಾನಿ ಮಾಡುತ್ತವೆ. ಬಸಿರಿಗೆ ಮೊದಲೇ ಬದಲಾಯಿಸಿಕೊಳ್ಳಬೇಕು. ಲೋಹದ ವಾಲ್ವ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದ ಹಾಗೆ ಅಸಿಟ್ರೊಮ್ ಅಥವಾ ವಾರ್ಫರಿನ್ ತಗೊಳ್ಳುವವರ ಕಷ್ಟ ಎಲ್ಲಕ್ಕಿಂತ ದೊಡ್ಡದು. ಮುಖ್ಯವಾಗಿ 6ರಿಂದ 12ನೇ ವಾರದಲ್ಲಿ ಆ ಮಾತ್ರೆ ಮಗುವಿನ ಮೂಗು, ಮೂಳೆಯ ಬೆಳವಣಿಗೆ ಕೆಡಿಸಬಹುದು. ಡೋಸ್ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ. ಹಾಗಂತ ಮನೆಯಲ್ಲೇ ನಿಲ್ಲಿಸಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ತಾಯಿಯ ಪ್ರಾಣಕ್ಕೇ ಕುತ್ತು. ಅದೇ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್ ಮಾಸುಚೀಲ ದಾಟಿ ಮಗುವಿಗೆ ಹೋಗುವುದಿಲ್ಲ, ಆದ್ದರಿಂದ ಯಾವ ವಾರ ಯಾವುದು ಅಂತ ವೈದ್ಯರು ಲೆಕ್ಕ ಹಾಕಿ ಬದಲಾಯಿಸುತ್ತಾರೆ. ಈ ಲೆಕ್ಕ ಮುಟ್ಟು ತಪ್ಪಿದ ಮೇಲೆ ಹಾಕುವುದಲ್ಲ, ಮುಟ್ಟು ನಿಲ್ಲುವ ಮೊದಲೇ ಹಾಕುವುದು.

ಮಗುವಿಗೆ ಬರುತ್ತಾ ಅಂತ ಕೇಳಿದ್ದೀರಿ. ನಿಮ್ಮದು ಹುಟ್ಟಿನಿಂದ ಬಂದದ್ದಲ್ಲ, ಗಂಟಲಿನ ಸೋಂಕಿನಿಂದ ಬಂದದ್ದು. ಹೊಟ್ಟೆಯಲ್ಲಿರುವ ಮಗುವಿಗೆ ಅದು ಹೋಗುವುದಿಲ್ಲ.

ಈಗ ನಿಮ್ಮ ಮನೆಯಲ್ಲಿ ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ. ಒಂದು ಬಸಿರು ನಿಲ್ಲದಿದ್ದಾಗ ಎಲ್ಲರ ಕಣ್ಣೂ ನಿಮ್ಮ ಎದೆಯ ಕಡೆ ಹೋಯಿತು. ನಿಮ್ಮ ಗಂಡನ ಕೈಯನ್ನು ಯಾರೂ ನೋಡಲಿಲ್ಲ. ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೇನೆ. ಗರ್ಭ ನಿಲ್ಲುತ್ತಿಲ್ಲ ಅಂತ ಬಂದವರಿಗೆ ಹತ್ತು ಪರೀಕ್ಷೆ ಬರೆದುಕೊಡುತ್ತಿದ್ದೆ, ಮನೆಯವರು ಏನು ಕೆಲಸ ಮಾಡುತ್ತಾರೆ ಅಂತ ಕೇಳುತ್ತಿರಲಿಲ್ಲ. ಈಗ ಅದು ನನ್ನ ಮೊದಲ ಪ್ರಶ್ನೆಗಳಲ್ಲಿ ಒಂದು.

ಸೀಸ ಗರ್ಭಕ್ಕೆ ಕೆಟ್ಟದ್ದು ಅನ್ನುವುದು ಹೊಸ ತಿಳಿವಳಿಕೆಯೂ ಅಲ್ಲ. 1860ರಲ್ಲೇ ಫ್ರಾನ್ಸಿನ ವೈದ್ಯ ಕಾನ್‌ಸ್ಟಾಂಟಿನ್ ಪಾಲ್, ಮುದ್ರಣಕ್ಕೆ ಸೀಸದ ಅಚ್ಚಿನ ಮೊಳೆ ಎರಕ ಹೊಯ್ಯುವ ಹೆಂಗಸರಲ್ಲಿ ಗರ್ಭ ಇಳಿಯುವುದು, ಸತ್ತ ಮಗು ಹುಟ್ಟುವುದು ಜಾಸ್ತಿ ಅಂತ ಬರೆದ. ಗಂಡ ಮಾತ್ರ ಸೀಸದ ಕೆಲಸ ಮಾಡುವ ಮನೆಗಳಲ್ಲೂ ಹೀಗಾಗುವುದನ್ನು ಗುರುತಿಸಿದ. 1999ರಲ್ಲಿ ಪ್ರಕಟವಾದ ಮೆಕ್ಸಿಕೋ ನಗರದ ಅಧ್ಯಯನದಲ್ಲಿ, ಬಸುರಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಏರಿದಂತೆಲ್ಲ ಗರ್ಭ ಇಳಿಯುವ ಸಾಧ್ಯತೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತಿತ್ತು. ಹಾಗಂತ ನಿಮ್ಮ ಆ ಗರ್ಭ ಸೀಸದಿಂದಲೇ ಹೋಯಿತು ಅಂತ ನಾನು ಹೇಳುತ್ತಿಲ್ಲ. ನಿಮ್ಮಿಂದ ತೆಗೆದ ತಪ್ಪನ್ನು ನಿಮ್ಮ ಗಂಡನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಅವರು ದುಡಿಯುತ್ತಿದ್ದಾರೆ ಅಷ್ಟೆ, ಅಪಾಯ ಇದೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಸೀಸ ಹೇಗೆ ಒಳಗೆ ಹೋಗುತ್ತದೆ ಅಂದರೆ, ಬ್ಯಾಟರಿ ಪ್ಲೇಟ್ ಒಡೆಯುವಾಗ ಪುಡಿಯಾಗಿ, ಟರ್ಮಿನಲ್ಲಿಗೆ ಸೀಸ ಕರಗಿಸುವಾಗ ಹೊಗೆಯಾಗಿ. ಉಸಿರಿನಲ್ಲಿ ಹೋಗುತ್ತದೆ. ಅದೇ ಕೈಯಲ್ಲಿ ಬೀಡಿ ಹಚ್ಚಿದರೆ, ಮಂಡಕ್ಕಿ ತಿಂದರೆ ಬಾಯಿಗೆ ಹೋಗುತ್ತದೆ. ಉಳಿದದ್ದು ಅಂಗಿ, ಚಪ್ಪಲಿ, ತಲೆಗೂದಲಿಗೆ ಅಂಟಿಕೊಂಡು ಮನೆಗೆ ಬರುತ್ತದೆ. ಒಣಗಿದ ಅಂಗಿಯನ್ನು ಒಗೆಯುವ ಮೊದಲು ನೀವು ಒಮ್ಮೆ ಕೊಡವುತ್ತೀರಲ್ಲ, ಆ ಧೂಳು ಸೀದಾ ನಿಮ್ಮ ಮೂಗಿಗೆ. ಒಳಗೆ ಹೋದ ಸೀಸ ರಕ್ತದಲ್ಲಿ ಒಂದು ತಿಂಗಳ ಹೊತ್ತಿಗೆ ಅರ್ಧವಾಗುತ್ತದೆ. ಆದರೆ ಬಹುಪಾಲು ಮೂಳೆಯಲ್ಲಿ ಕೂತುಬಿಡುತ್ತದೆ, ಅಲ್ಲಿಂದ ಹೋಗಲು ದಶಕಗಳೇ ಬೇಕು. ದೇಹಕ್ಕೆ ಅದು ಸುಣ್ಣದ, ಅಂದರೆ ಕ್ಯಾಲ್ಸಿಯಂನ ಹಾಗೇ ಕಾಣುತ್ತದೆ. ಬಸಿರಿನಲ್ಲಿ ಮಗುವಿಗಾಗಿ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರುವಾಗ ಜೊತೆಗೆ ಸೀಸವೂ ಬರುತ್ತದೆ, ಮಾಸುಚೀಲ ದಾಟಿ ಮಗುವಿನ ಮಿದುಳಿಗೆ ಹೋಗುತ್ತದೆ. ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಇನ್ನು ನಿಮ್ಮ ಗಂಡನ ಬಿಪಿ. 34ಕ್ಕೆ ಬಿಪಿ ಬರಲು ಹತ್ತು ಕಾರಣ ಇರಬಹುದು, ಆದರೆ ಸೀಸ ಬಿಪಿ ಏರಿಸುತ್ತದೆ ಅನ್ನುವುದು ಖಚಿತವಾಗಿ ಗೊತ್ತಿರುವ ಸಂಗತಿ. ಕಿಡ್ನಿಗೂ, ಹೃದಯದ ರಕ್ತನಾಳಗಳಿಗೂ ಅದು ಕೆಟ್ಟದ್ದು. ಗಂಡಸರಲ್ಲಿ ಜಾಸ್ತಿ ಸೀಸ ವೀರ್ಯಾಣುಗಳ ಸಂಖ್ಯೆಯನ್ನೂ ಚುರುಕನ್ನೂ ಕಡಿಮೆ ಮಾಡುತ್ತದೆ. ಅವರದೂ ವೀರ್ಯ ಪರೀಕ್ಷೆ ಆಗಲಿ. ಎರಡರಿಂದ ಏಳು ದಿನ ವೀರ್ಯ ಹೋಗದ ಹಾಗೆ ಇದ್ದು ಆಮೇಲೆ ಕೊಡಬೇಕು, ಮಿಲಿಲೀಟರಿಗೆ 16 ಮಿಲಿಯನ್ ವೀರ್ಯಾಣು, ಅಂದರೆ ಒಂದು ಕೋಟಿ ಅರವತ್ತು ಲಕ್ಷ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕೆಳಗಿನ ಅಂಚು. ಕಡಿಮೆ ಬಂದರೂ ಎದೆಗುಂದಬೇಕಿಲ್ಲ, ಹೊಸ ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಸಾಕು. ಧೂಳು ನಿಂತರೆ ಸುಧಾರಿಸುವ ಅವಕಾಶ ಇದೆ.

ರಕ್ತದ ಸೀಸದ ಪರೀಕ್ಷೆಯನ್ನು ದೊಡ್ಡ ಲ್ಯಾಬುಗಳು ಮಾಡುತ್ತವೆ. ರಕ್ತ ಕೊಡುವ ಮೊದಲು ತೋಳನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಚರ್ಮದ ಮೇಲಿನ ಧೂಳು ಸೇರಿದರೆ ಲೆಕ್ಕ ತಪ್ಪುತ್ತದೆ. ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ವಿಷಯದಲ್ಲಿ ಎಲ್ಲಿಂದ ಅಂತ ಹುಡುಕಬೇಕಾಗಿಯೇ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರೊಫೆಸರ್ ವೆಂಕಟೇಶ್ ತುಪ್ಪಿಲ್ ದಶಕಗಳ ಕಾಲ ಸೀಸದ ವಿಷಯದಲ್ಲೇ ಕೆಲಸ ಮಾಡಿದರು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು, ಆದರೆ ಸಣ್ಣ ಬ್ಯಾಟರಿ ಅಂಗಡಿಗಳು ಹಾಗೇ ಉಳಿದವು. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಸೀಸದ ವಿಷವೇ ಮೊದಲು ಬರುತ್ತಿತ್ತು. ಮನೆ ಹಿಂದಿನ ಒಬ್ಬರ ಅಂಗಡಿಗೆ ಆ ಕಾಯ್ದೆ ಮುಟ್ಟುತ್ತಲೇ ಇರಲಿಲ್ಲ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಹಾಗಾಗಿ ನೀವೇ ಮಾಡಿಕೊಳ್ಳಬೇಕು. ಸೀಸ ಕರಗಿಸುವುದು, ಬ್ಯಾಟರಿ ಒಡೆಯುವುದು ಆ ಜಾಗದಲ್ಲಿ ಪೂರ್ತಿ ನಿಲ್ಲಲಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಆ ಹೊಗೆ ತಡೆಯುವುದಿಲ್ಲ. ಚಾರ್ಜ್ ಮಾಡುವುದು, ಮಾರುವುದು, ಹಳೆಯದನ್ನು ಇಡಿಯಾಗಿ ಕಂಪನಿಗೆ ವಾಪಸ್ ಕೊಡುವುದು, ಇದರಲ್ಲೇ ಅಂಗಡಿ ನಡೆಸಲು ಆಗುತ್ತಾ ನೋಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆ ಬ್ಯಾಟರಿ ವಾಪಸ್ ತಗೊಳ್ಳುವ ಹೊಣೆ ತಯಾರಿಸಿದವರದ್ದೇ. ಅಂಗಡಿಗೆ ಬೇರೆ ಬಟ್ಟೆ, ಬೇರೆ ಚಪ್ಪಲಿ. ಅಲ್ಲೇ ಸ್ನಾನ ಮಾಡಿ ಮನೆಯೊಳಗೆ ಬರಬೇಕು. ಆ ಬಟ್ಟೆಯನ್ನು ಅವರೇ ಬೇರೆ ಬಕೆಟ್ಟಿನಲ್ಲಿ ನೆನೆಸಿ ಒಗೆಯಲಿ, ನೀವು ಮುಟ್ಟಬೇಡಿ. ಮನೆಯಲ್ಲಿ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆಗುವುದಾದರೆ ಅಂಗಡಿಯನ್ನೇ ಬೇರೆ ಕಡೆ ಸಾಗಿಸಿ. ಖರ್ಚಿನ ಮಾತು ಅಂತ ಗೊತ್ತು, ಆದರೂ ಹೇಳದೆ ಇರಲಾರೆ.

ನಿಮ್ಮ ಹೃದಯ ಮತ್ತು ಈ ಸೀಸ ಎರಡೂ ಒಂದೇ ಕಡೆ ಸೇರುವ ಜಾಗ ರಕ್ತಹೀನತೆ. ಕಬ್ಬಿಣ ಕಡಿಮೆ ಇದ್ದರೆ ಕರುಳು ಸೀಸವನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಹೃದಯ ಜೋರಾಗಿ ಬಡಿಯಬೇಕು, ಅಂದರೆ ಬಸ್ಸಿನ ಡ್ರೈವರಿಗೆ ಮತ್ತಷ್ಟು ಅವಸರ. ಆದ್ದರಿಂದ ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣದ ಮಾತ್ರೆ ಬೇಕಾದರೆ ಈಗಲೇ ಶುರುಮಾಡಿ. ಊಟದ ಜೊತೆ ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಸಹ ಸೀಸವನ್ನು ತಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಇದೆ, ಮುದ್ದೆಯೋ ಅಂಬಲಿಯೋ ದಿನಾ ಇರಲಿ. ಹಾಲು, ಮೊಸರು ಸೇರಿಸಿ. ಬಸಿರಾದ ಮೇಲೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ. ಸೀಸ ಇಳಿಸುವ ಔಷಧಿ ಅಂತ ಯಾರಾದರೂ ಮಾರಲು ಬಂದರೆ ತಗೊಳ್ಳಬೇಡಿ. ಆ ಔಷಧಿ ಸೀಸ ತುಂಬ ಜಾಸ್ತಿ ಇದ್ದಾಗ ಆಸ್ಪತ್ರೆಯಲ್ಲಿಟ್ಟು ಕೊಡುವಂಥದ್ದು.

ಅತ್ತೆ ತರಿಸಿದ ಔಷಧಿ. ಅವರ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಅದರಲ್ಲಿ ಏನಿದೆ ಅಂತ ಬರೆದಿರದಿದ್ದರೆ ಒಂದು ಚಿಟಿಕೆಯೂ ಬೇಡ. ಇಂಥ ಕೆಲವು ಔಷಧಿಗಳಲ್ಲಿ ಹಾಕುವ ನಾಗಭಸ್ಮ ಅಂದರೆ ಸೀಸದ ಭಸ್ಮವೇ. 2011 ಮತ್ತು 2012ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಜಾಸ್ತಿ ಸಿಕ್ಕಿತು. ಆರು ಜನರೂ ಭಾರತದಿಂದ ಬಂದ ಆಯುರ್ವೇದ ಔಷಧಿ ತಗೊಂಡಿದ್ದರು. ಕೆಲವನ್ನು ಮಗು ಚೆನ್ನಾಗಿರಲಿ, ಗಂಡು ಹುಟ್ಟಲಿ ಅಂತಲೇ ತಗೊಂಡದ್ದು. ಮನೆಯಲ್ಲಿ ಆಗಲೇ ಸೀಸದ ಧೂಳು ಇರುವಾಗ ಇನ್ನೊಂದು ದಾರಿ ತೆರೆಯಬೇಡಿ. ಸಡಿಲವಾಗಿ ಮಾರುವ ಹೊಳೆಯುವ ಹಳದಿಯ ಅರಿಸಿನ ಪುಡಿ ಬಿಟ್ಟು ಕೊಂಬು ತಂದು ಪುಡಿ ಮಾಡಿಸಿ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವುದುಂಟು.

ಬ್ಯಾಟರಿ ಅಂಗಡಿ ಇಲ್ಲದ, ತೋಟಕ್ಕೆ ಔಷಧಿ ಹೊಡೆಯುವ ಮನೆಗಳಿಗೂ ಒಂದು ಮಾತು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ, ಬೆಳೆಯ ಬೇರಿಗೆ ಬೀಳುವ ಹುಳು ಕೊಲ್ಲುವ ಡಿಬಿಸಿಪಿ ಅನ್ನುವ ಔಷಧಿ ತಯಾರಿಸುತ್ತಿದ್ದ ಗಂಡಸರು ನಮಗ್ಯಾರಿಗೂ ಮಕ್ಕಳೇ ಆಗುತ್ತಿಲ್ಲವಲ್ಲ ಅಂತ ಒಬ್ಬರಿಗೊಬ್ಬರು ಮಾತಾಡಿಕೊಂಡದ್ದರಿಂದಲೇ ವಿಷಯ ಹೊರಬಂತು. ನಮ್ಮ ಹತ್ತಿರದ್ದು ಎಂಡೋಸಲ್ಫಾನ್. ಕಾಸರಗೋಡಿನ ಪಡ್ರೆಯಲ್ಲೂ ಬೆಳ್ತಂಗಡಿ ಕಡೆಯಲ್ಲೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದರು. ಪಡ್ರೆಯ ಶಾಲಾ ಹುಡುಗರಲ್ಲಿ ಪ್ರಾಯಕ್ಕೆ ಬರುವುದೇ ತಡವಾಗುತ್ತಿದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಔಷಧಿ ಹೊಡೆದ ಬಟ್ಟೆಗೂ ನಾನು ಮೇಲೆ ಹೇಳಿದ ನಿಯಮವೇ.

ನಿಮ್ಮ ಗಂಡನಿಗೆ ಇನ್ನೊಂದು ಮಾತು, ನಾಚಿಕೆಯಿಂದ ಕೇಳದಿರಬಹುದು ಅಂತ ನಾನೇ ಹೇಳುತ್ತೇನೆ. ಬಿಪಿ ಬಂದ ಮೇಲೆ ಅಥವಾ ಅದರ ಮಾತ್ರೆಯಿಂದ ಗಂಡಸುತನಕ್ಕೆ ತೊಂದರೆಯಾದರೆ ವೈದ್ಯರಿಗೆ ಹೇಳಿ ಮಾತ್ರೆ ಬದಲಾಯಿಸಿಕೊಳ್ಳಬಹುದು. ಆ ತೊಂದರೆ ಕೆಲವೊಮ್ಮೆ ಹೃದಯದ ರಕ್ತನಾಳ ಕಟ್ಟುತ್ತಿರುವುದರ ಮುನ್ಸೂಚನೆಯೂ ಹೌದು, ಏಕೆಂದರೆ ಅಲ್ಲಿನ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಮೊದಲು ಅವೇ ಸೋಲುತ್ತವೆ. ಮೆಡಿಕಲ್ ಶಾಪಿನಿಂದ ಸುಮ್ನೆ ಸಿಲ್ಡೆನಾಫಿಲ್ (ಗಂಡಸುತನದ ತೊಂದರೆಗೆ ಕೊಡುವ ಮಾತ್ರೆ) ತಗೊಳ್ಳಬಾರದು. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಬಳಸುವವರು ಅದನ್ನು ತಗೊಂಡರೆ ಬಿಪಿ ಕುಸಿದು ಪ್ರಾಣ ಹೋಗಬಹುದು.

ಇದೆಲ್ಲ ಮುಗಿಯಲು ನಾಲ್ಕರಿಂದ ಆರು ತಿಂಗಳು ಇಟ್ಟುಕೊಳ್ಳಿ. ಅಲ್ಲಿಯವರೆಗೆ ನಿರೋಧ್ ಅಥವಾ ಕಾಪರ್-ಟಿ ಬಳಸಿ. ಈಸ್ಟ್ರೊಜನ್ ಇರುವ ಮಾಮೂಲಿ ಗರ್ಭನಿರೋಧಕ ಮಾತ್ರೆ ನಿಮಗೆ ಬೇಡ, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಇದನ್ನು ಓದುವ ಹೊತ್ತಿಗೇ ಮುಟ್ಟು ತಪ್ಪಿದ್ದರೆ ಗಾಬರಿಯಾಗಬೇಡಿ, ಮಾತ್ರೆ ಬಿಡಬೇಡಿ, ಅದೇ ವಾರ ಎಕೋ ಮಾಡಿಸಿ ಹೃದಯದ ವೈದ್ಯರನ್ನೂ ಹೆರಿಗೆ ವೈದ್ಯರನ್ನೂ ನೋಡಿ. ಹೋಗುವಾಗ ಬಲೂನ್ ಮಾಡಿದಾಗಿನ ಡಿಸ್ಚಾರ್ಜ್ ಕಾಗದ, ಹಳೆಯ ಎಕೋ, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಅತ್ತೆ ತರಿಸಿದ ಆ ಡಬ್ಬಿ ಎಲ್ಲವನ್ನೂ ತಗೊಂಡು ಹೋಗಿ. ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಎಕೋದ ಆ ಮೂರು ನಂಬರ್ ಮತ್ತು ಇಬ್ಬರ ಸೀಸದ ನಂಬರ್ ಬಂದ ಮೇಲೆ ನನಗೆ ಮತ್ತೆ ಬರೆಯಿರಿ, ಮುಂದಿನದನ್ನು ಆಗ ಲೆಕ್ಕ ಹಾಕೋಣ.